ಕರಗಿದ ಮುದ್ರೆ

ಕಿವಿಯ ಓಲೆಯ ತಿರುಪು ಸಡಿಲವಾಗಿತ್ತು. ಮೊನ್ನೆ ಅಕ್ಕಸಾಲಿಗನ ಅಂಗಡಿಗೆ ಹೋಗಿ ಕೂತೆ. ಅವನು ಓಲೆಯನ್ನು ಅಲುಗದಂತೆ ನಿಲ್ಲಿಸಲು ಅರಗು ಬಿಸಿಮಾಡಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಎಷ್ಟು ವರ್ಷವಾಯಿತು... ಇನ್ನೂ ಆ ವಾಸನೆ ತಡೆಯಲಾಗುವುದಿಲ್ಲ.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನಡೆದದ್ದನ್ನು ನೆಟ್ಟಗೆ ಬರೆಯುತ್ತೇನೆ, ಅಷ್ಟೇ. ಹೊನ್ನಾಳಿಯಿಂದ ಜಗಳೂರಿಗೆ ಮದುವೆಯಾಗಿ ಬಂದೆ. ನಮ್ಮ ಯಜಮಾನರು ದರ್ಜಿ. ಎದುರು ಮನೆಯಲ್ಲಿ ವಕೀಲರಿದ್ದರು. ಕೋರ್ಟಿನ ವಕೀಲರಲ್ಲ. ಗಡಿಯಾಚೆ ಒಂದು ಪುಟ್ಟ ಸಂಸ್ಥಾನವಿತ್ತು. ಒಂದು ಗುಡ್ಡ, ಸುತ್ತ ಒಂದಷ್ಟು ಹಳ್ಳಿ. ಅದರ ರಾಜನ ಪರವಾಗಿ ಬೆಂಗಳೂರಿನಲ್ಲಿದ್ದ ಬ್ರಿಟಿಷ್ ಸರ್ಕಾರದ ಬಿಳಿ ದೊರೆಯ ಮುಂದೆ ಮಾತಾಡುವುದು ಇವರ ನೌಕರಿ. ಅದಕ್ಕೂ ವಕೀಲ ಎಂದೇ ಹೆಸರು. ದಾವಣಗೆರೆಯ ರೈಲಿಗೆ ಹತ್ತಿರವೆಂದು ನಮ್ಮೂರಲ್ಲಿ ಮನೆ ಮಾಡಿದ್ದರು.

ರಾಜನ ಪತ್ರ ರೇಷ್ಮೆ ಚೀಲದಲ್ಲಿ ಹೋಗಬೇಕು. ಬಾಯಿಗೆ ದಾರ ಬಿಗಿದು, ಗಂಟಿನ ಮೇಲೆ ಅರಗು ಸುರಿದು, ಸಂಸ್ಥಾನದ ಸಿಂಹದ ಮುದ್ರೆ ಒತ್ತುತ್ತಿದ್ದರು. ಮುದ್ರೆ ಕೆಟ್ಟಿದ್ದರೆ ದೊರೆಯ ಕಚೇರಿಯಲ್ಲಿ ಆ ಪತ್ರವನ್ನು ಬಿಚ್ಚುವುದೇ ಇಲ್ಲ, ವಾಪಸು. ಆ ಚೀಲಗಳನ್ನು ಹೊಲಿಯುತ್ತಿದ್ದವಳು ನಾನು.

ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲು ಉರಿಸಿ ಓಡುತ್ತಿದ್ದವು. ಸಣ್ಣ ಸಂಸ್ಥಾನಗಳನ್ನು ಪಕ್ಕದ ದೊಡ್ಡವುಗಳಿಗೆ ಸೇರಿಸಿಬಿಡುತ್ತಾರೆ ಎಂದು ಸುದ್ದಿ ಹಬ್ಬಿತ್ತು. ಒಂದು ದಿನ ವಕೀಲರು ಮುದ್ರೆ ಬಿದ್ದ ಚೀಲವನ್ನೇ ತಂದು ನನ್ನ ಕೈಗಿಟ್ಟರು.

"ತಂಗೀ, ಇದಕ್ಕೊಂದು ಮೇಲ್ಚೀಲ ಹೊಲಿ. ಬಸ್ಸಿನ ಇದ್ದಿಲು ಮಸಿ ತಾಗಬಾರ್ದು. ನಮ್ಮನ್ನ ಸೇರಿಸ್ಬ್ಯಾಡಿ ಅಂತ ಬರೆದೈತೆ. ನಾಡಿದ್ದು ಕೊಡದಿದ್ರೆ ಮುಗೀತು."

ರೇಷ್ಮೆ ಮುದುರಿಹೋಗಿತ್ತು. ದರ್ಜಿಯ ಹೆಂಡತಿ, ಮುದುರಿದ ಬಟ್ಟೆ ಕಂಡರೆ ಕೈ ಸುಮ್ಮನಿರದು. ಇಸ್ತ್ರಿ ಪೆಟ್ಟಿಗೆಯಲ್ಲಿ ಕೆಂಡವಿತ್ತು. ಮೇಲೊಂದು ಬಟ್ಟೆ ಹಾಸಿ ಎಳೆದೆ. ವಾಸನೆ ಬಂತು. ಬಟ್ಟೆ ಎತ್ತಿ ನೋಡಿದರೆ ಸಿಂಹವೇ ಇಲ್ಲ. ಅರಗು ರೊಟ್ಟಿಯ ಹಾಗೆ ಚಪ್ಪಟೆಯಾಗಿತ್ತು.

"ಬಾಯಿ ಮುಚ್ಕೊಂಡು ಮೇಲ್ಚೀಲ ಹೊಲಿ. ಒಳಗೆ ಯಾರು ನೋಡ್ತಾರೆ?" ಎಂದರು ಯಜಮಾನರು.

ಹೊಲಿದು ಕೊಟ್ಟೆ. ವಕೀಲರು ನಕ್ಕು ತೆಗೆದುಕೊಂಡರು. ಬೆಳಿಗ್ಗೆ ಬಸ್ಸಿನ ಭೋಂಕಾರ ಕೇಳಿದ್ದೇ ಓಡಿದೆ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಬಳಿ ಕೂತಿದ್ದರು. ಹೇಳಿದೆ. ಉಗುರಿನಿಂದ ಹೊಲಿಗೆ ಬಿಚ್ಚಿ ನೋಡಿದರು. ಚಪ್ಪಟೆ ಅರಗಿನ ಮೇಲೆ ಬೆರಳಾಡಿಸಿದರು.

"ಬಿಸಿ ಮಾಡಿ ರೂಪಾಯಿ ಒತ್ತಿಬಿಡ್ರಿ ವಕೀಲ್ರೇ. ರಾಜನ ತಲೆ ಐತಲ್ಲ ಅದ್ರಾಗೆ," ಎಂದೆ. ನನ್ನ ಬುದ್ಧಿ ಅಷ್ಟೇ.

"ನಮ್ ಸಂಸ್ಥಾನಕ್ಕೆ ಸೈನ್ಯ ಇಲ್ಲ ತಂಗೀ, ತೋಪಿಲ್ಲ. ಇರೋದು ಮಾತೊಂದು. ಅದೂ ಖೋಟಾ ಆದ್ರೆ ಏನು ಉಳೀತೈತೆ?"

ಮತ್ತೆ ಮುದ್ರೆ ಹಾಕಿಸಲು ಗುಡ್ಡಕ್ಕೆ ಹೋಗಿ ಬರುವಷ್ಟರಲ್ಲಿ ಗಡುವು ಮೀರುತ್ತಿತ್ತು. ಕಂಡಕ್ಟರ್ ಕೂಗಿದ: "ಸಾಮೇರಾ, ಇಳೀತೀರೋ ಬರ್ತೀರೋ? ಬೆಂಕಿ ಆರಿದ್ರೆ ನಿಮ್ಮ ರಾಜನ್ನೇ ಬಸ್ ತಳ್ಳಾಕೆ ಕರೀಬೇಕಾಗ್ತೈತೆ!" ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ವಕೀಲರು ಇಳಿಯಲಿಲ್ಲ.

ಆರು ದಿನ. ಬಸ್ಸು ಬಂದಾಗಲೆಲ್ಲ ಬಾಗಿಲಿಗೆ ಬಂದು ನಿಂತೆ. ನಾನು ಅಕ್ಕ ಎಂದೇ ಕರೆಯುತ್ತಿದ್ದ ಅವರ ಹೆಂಡತಿ ಎದುರು ಜಗಲಿಯಿಂದ, "ಏನೇ, ನಿನ್ ಗಂಡನೂ ಊರಿಗೆ ಹೋಗ್ಯಾನೇನೆ?" ಎಂದು ಚೇಷ್ಟೆ ಮಾಡಿದಳು. ನನಗೆ ನಗು ಬರಲಿಲ್ಲ. ಒಂದು ಸಂಸ್ಥಾನವನ್ನು ಇಸ್ತ್ರಿ ಪೆಟ್ಟಿಗೆಯಿಂದ ಅಳಿಸಿಬಿಟ್ಟೆನೇನೋ ಎಂದು ಯೋಚಿಸುತ್ತ ಬೆರಳಿಗೆ ಸೂಜಿ ಚುಚ್ಚಿಕೊಳ್ಳುತ್ತಿದ್ದೆ.

ಏಳನೆಯ ದಿನ ಬಂದರು. ದೊರೆಯ ಕಚೇರಿಯವರು ಪತ್ರ ತೆಗೆದುಕೊಂಡಿದ್ದರು. ಹೇಗೆ ಎಂದರೆ, ಮುದ್ರೆ ತಮ್ಮದೇ ಅಜಾಗರೂಕತೆಯಿಂದ ಬಸ್ಸಿನ ಬಿಸಿಲಿಗೆ ಕರಗಿತು ಎಂದು ಇವರು ಕೈಬರಹದಲ್ಲಿ ಬರೆದುಕೊಟ್ಟಿದ್ದರು. ಖೋಟಾ ಮುದ್ರೆ ಒಲ್ಲೆ ಎಂದವರು ನನಗಾಗಿ ಅದೊಂದು ಸುಳ್ಳು ಬರೆದರು. ಸಂಸ್ಥಾನ ಉಳಿಯಿತು. ಆದರೆ ರಾಜನ ಚೀಲ ಕಾಯಲಾರದವನು ವಕೀಲನಾಗಿರಬಾರದೆಂದು ಗುಡ್ಡದಿಂದ ಕಾಗದ ಬಂತು. ನೌಕರಿ ಹೋಯಿತು. ಆಮೇಲೆ ನ್ಯಾಮತಿಯ ಒಂದು ಮಂಡಿಯಲ್ಲಿ ಗುಮಾಸ್ತರಾದರೆಂದು ಕೇಳಿದೆ.

ಮನೆ ಖಾಲಿ ಮಾಡುವ ದಿನ ಅಕ್ಕ, "ಹಾಳು ಬಿಸಿಲು ನಮ್ ಅನ್ನ ಕಿತ್ಕಂತು ನೋಡೇ," ಎಂದು ಅತ್ತಳು. ಹೆಂಡತಿಗೂ ಅವರು ಹೇಳಿರಲಿಲ್ಲ. ಗಾಡಿಯ ಪಕ್ಕ ನಿಂತು ನನ್ನ ಕಡೆ ನೋಡಿದರು, ಸುಮ್ಮನಿರು ಎನ್ನುವಂತೆ. ನಾನು "ಹೌದಕ್ಕ, ಕೆಟ್ಟ ಬಿಸಿಲು," ಎಂದೆ.

ನಾಲ್ಕಾರು ವರ್ಷಕ್ಕೆ ಸ್ವಾತಂತ್ರ್ಯ ಬಂತು. ಗುಡ್ಡದ ರಾಜನೂ ಸಹಿ ಹಾಕಿದ, ಸಂಸ್ಥಾನ ಹೋಯಿತು. ಅಷ್ಟಕ್ಕೆ ಅಷ್ಟು ಭಯಪಟ್ಟೆವು... ವಕೀಲರೂ ಹೋದರು, ಅಕ್ಕನೂ ಹೋದಳು. ಅವಳಿಗೆ ನಿಜ ಹೇಳಲು ಎಷ್ಟೋ ವರ್ಷ ಸಮಯವಿತ್ತು. ನ್ಯಾಮತಿಗೆ ಬಸ್ಸೂ ಇತ್ತು. ನಾನು ಹೋಗಲಿಲ್ಲ.

ಅಕ್ಕಸಾಲಿಗ ಓಲೆಯನ್ನು ಕಿತ್ತು ನನ್ನ ಕೈಗಿಟ್ಟ. ಅರಗಿನ ಮೇಲೆ ಓಲೆಯ ಹೂವು ಅಚ್ಚೊತ್ತಿದಂತೆ ಉಳಿದಿತ್ತು. ತಡಿಯಪ್ಪಾ ಎನ್ನುವಷ್ಟರಲ್ಲಿ ಅವನು ಊದುಕೊಳವೆ ಬಾಯಿಗಿಟ್ಟು ಬೆಂಕಿ ಊದಿದ. ಹೂವು ಸಪಾಟಾಯಿತು.