ಹುರುಳಿಯ ಮೇಲೆ ಮೂರು ಸುತ್ತು

ತೆರಕಣಾಂಬಿಯಿಂದ ಗುಂಡ್ಲುಪೇಟೆಗೆ ಹೋಗುವಾಗ ದೊಡ್ಡ ರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ ನಮ್ಮೂರು. ತಿರುಗದಿದ್ದರೂ ಯಾರಿಗೂ ನಷ್ಟವಿಲ್ಲ. ಒಂದು ಟೀ ಅಂಗಡಿ, ಹಾಲಿನ ಡೈರಿ, ರೇಷನ್ ಅಂಗಡಿ, ಒಂದಷ್ಟು ಮನೆ. ಈ ತುದಿಯಲ್ಲಿ ಒಗ್ಗರಣೆ ಹಾಕಿದರೆ ಆ ತುದಿಯವರು ಸೀನುತ್ತಾರೆ.

ಊರಿನ ರಸ್ತೆ ಸೌಟಿನ ಹಾಗಿದೆ. ಹಿಡಿ ದೊಡ್ಡ ರಸ್ತೆಯಿಂದ ಹೊರಟು ಟೀ ಅಂಗಡಿಗೆ ಬರುತ್ತದೆ. ಅಲ್ಲಿಂದ ರಸ್ತೆ ಊರನ್ನೆಲ್ಲ ದುಂಡಗೆ ಸುತ್ತಿ ಮತ್ತೆ ಅದೇ ಟೀ ಅಂಗಡಿಗೆ ಬಂದು ಸೇರುತ್ತದೆ. ಆಚೆ ಹೋಗಬೇಕೆಂದರೆ ಹಿಡಿಯಲ್ಲೇ ವಾಪಸು ಹೋಗಬೇಕು. ಬೇರೆ ದಾರಿ ಇಲ್ಲ.

ಆ ರಸ್ತೆಯೇ ನಮಗೆ ಕಣ. ಮೊದಲು ಬೇರೆ ಕಣವಿತ್ತು, ಅಲ್ಲಿ ಸಮುದಾಯ ಭವನ ಕಟ್ಟಿದರು. ಬೀಗದ ಕೈ ಯಾರ ಹತ್ತಿರ ಇರಬೇಕು ಅನ್ನುವ ಜಗಳ ಇನ್ನೂ ಮುಗಿದಿಲ್ಲ, ಹಾಗಾಗಿ ಇವತ್ತಿನವರೆಗೂ ಅದರೊಳಗೆ ಯಾರೂ ಕಾಲಿಟ್ಟಿಲ್ಲ. ಹುರುಳಿ ಕಿತ್ತ ಮೇಲೆ ಒಣಗಿದ ಗಿಡವನ್ನು ಟಾರಿನ ಮೇಲೆ ಹರಡುತ್ತೇವೆ. ಬಸ್ಸು, ಹಾಲಿನ ವ್ಯಾನು ಅದರ ಮೇಲೆ ಓಡಾಡಿದರೆ ಕಾಯಿ ಒಡೆದು ಕಾಳು ಉದುರುತ್ತದೆ. ಯಾವ ದಿನ ಯಾರ ಮನೆಯ ಸರದಿ ಎಂದು ಟೀ ಅಂಗಡಿಯಲ್ಲಿ ಚೀಟಿ ಎತ್ತುತ್ತೇವೆ. ತಪ್ಪು ಅಂತ ನಮಗೂ ಗೊತ್ತು. ಬೈಕಿನವರು ಜಾರಿ ಬೀಳುತ್ತಾರೆ. ಬೀಳುವವರೂ ನಮ್ಮವರೇ. ಎದ್ದು ನಾಲ್ಕು ಬೈದು ಹೋಗುತ್ತಾರೆ, ತಮ್ಮ ಸರದಿಯಲ್ಲಿ ತಾವೂ ಹರಡುತ್ತಾರೆ.

ನಮ್ಮೂರಿಗೆ ಬರುವ ಗಾಡಿ ಕಡಿಮೆ, ಅದೇ ತೊಂದರೆ. ಒಂದು ವರ್ಷ ಯಾರೋ ನಮ್ಮ ಮೇಲೆ ದೂರು ಕೊಟ್ಟರು. ಜೀಪು ಬಂತು. ಒಳಗಿದ್ದ ಪೊಲೀಸ್ ಸಾಹೇಬರು ಬೈಯುತ್ತಾ ಒಂದು ಸುತ್ತು ಹೋದರು. ತೆಗೆದರೋ ಇಲ್ಲವೋ ನೋಡೋಣ ಅಂತ ಇನ್ನೊಂದು ಸುತ್ತು ಬಂದರು. ಅವತ್ತು ಉದುರಿದ ಹಾಗೆ ಹುರುಳಿ ಯಾವತ್ತೂ ಉದುರಿರಲಿಲ್ಲ. ಅಲ್ಲಿಂದ ಮುಂದೆ ನಮ್ಮ ಮೇಲೆ ನಾವೇ ದೂರು ಕೊಡಲು ಶುರು ಮಾಡಿದೆವು. ಸರದಿ ಯಾರದೋ ಅವರೇ ಫೋನು ಮಾಡಿ, "ಸಾರ್, ಇಲ್ಲಿ ರೋಡ್ ತುಂಬಾ ಉಳ್ಳಿ ಆಕವ್ರ, ಬಂದು ನೋಡಿ" ಅನ್ನಬೇಕು. ಹುರುಳಿ ನಮ್ಮ ಬಾಯಲ್ಲಿ ಉಳ್ಳಿ. ಎರಡು ವರ್ಷ ಜೀಪು ತಪ್ಪದೆ ಬಂತು.

ಹೋದ ಸುಗ್ಗಿಯಲ್ಲಿ ನನ್ನ ಸರದಿಯ ದಿನ ಎಲ್ಲವೂ ಕೆಟ್ಟಿತು. ಬಸ್ಸು ಎಲ್ಲಿಯೋ ಸಮಾವೇಶಕ್ಕೆ ಜನ ತುಂಬಿಕೊಂಡು ಹೋಗಿತ್ತು. ಊರಿನ ಎರಡು ಟ್ರ್ಯಾಕ್ಟರೂ ಕಬ್ಬು ಹೊರಲು ಹೋಗಿದ್ದವು. ಹಾಲಿನ ವ್ಯಾನು ನಾವು ಹರಡುವ ಮೊದಲೇ ಬಂದು ಹೋಗಿತ್ತು. ತಮಿಳುನಾಡಿನ ಕಡೆ ಸಮುದ್ರದಲ್ಲಿ ಏನೋ ಎದ್ದಿದೆ ಅಂತ ಟೀವಿಯಲ್ಲಿ ಹೇಳಿದ್ದರು, ಮಧ್ಯಾಹ್ನಕ್ಕೆ ಮೋಡ ನಮ್ಮ ತಲೆಯ ಮೇಲಿತ್ತು. ಇಡೀ ಹೊಲದ ಹುರುಳಿ ರಸ್ತೆಯಲ್ಲಿ ಬಿದ್ದಿದೆ. ನೆನೆದರೆ ನಾಲ್ಕು ತಿಂಗಳ ಕೆಲಸ ಮಣ್ಣುಪಾಲು. ನನ್ನ ಸೊಸೆ ಫೋನು ಮಾಡಿ ನಮ್ಮ ಮೇಲೆ ದೂರು ಕೊಟ್ಟಳು. ಸಾಹೇಬರು ಬಂದರು, ಬೈಕಿನಲ್ಲಿ! ಅದೂ ರಸ್ತೆಯ ಅಂಚಿನ ಮಣ್ಣಿನಲ್ಲಿ, ಒಂದು ಕಾಯಿಯೂ ಒಡೆಯದ ಹಾಗೆ. ಬೈದರು, ಹೋದರು.

"ಜೀಪ್ ಏಕ ತರ್ನಿಲ್ಲ ಸಾರ್?" ಅಂತ ನನ್ನ ಸೊಸೆ ಹಿಂದಿನಿಂದ ಕೂಗಿಯೂ ನೋಡಿದಳು.

ಒಂದು ಗಂಟೆಯ ಹೊತ್ತಿಗೆ ಕೇರಳದ ನಂಬರಿನ ಬಿಳಿ ಕಾರು ಬಂತು. ಒಬ್ಬ ಗಂಡಸು ಓಡಿಸುತ್ತಿದ್ದ, ಹಿಂದೆ ಅವನ ತಾಯಿ, ನನ್ನದೇ ವಯಸ್ಸು. ಚಾಮರಾಜನಗರದಲ್ಲಿ ನೆಂಟರನ್ನು ನೋಡಿಕೊಂಡು ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟವರು. ಫೋನಿನ ಮ್ಯಾಪು ಯಾವುದೋ ಹತ್ತಿರದ ದಾರಿ ಅಂತ ನಮ್ಮೂರಿಗೆ ತಂದು ಬಿಟ್ಟಿತ್ತು. ಒಂದು ಸುತ್ತು ಹೋಗಿ ಟೀ ಅಂಗಡಿಯ ಮುಂದೆ ನಿಂತರು. ನಾನು ಓಡಿಹೋಗಿ ಮೊದಲು ನೋಡಿದ್ದು ಟೈರಿನ ಕೆಳಗೆ. ಕಾಳು ಉದುರಿತ್ತು.

ಟೀ ಅಂಗಡಿಯವನು ನನಗೆ ವರಸೆಯಲ್ಲಿ ಮೈದುನ. ಕಾರಿನವನು "ಬೆಟ್ಟ?" ಅಂತ ಕೇಳಿದ. ಇವನು ನನ್ನ ಮುಖ ನೋಡಿದ, ಮೋಡ ನೋಡಿದ.

"ನೆಟ್ಟಗ ಓಗಿ ಸಾರ್, ಎಡಗಡ ಬುಡ್ಬ್ಯಾಡಿ" ಅಂದ. ಎಡಗಡೆ ಬಿಡದೆ ಹೋದರೆ ಮತ್ತೆ ಟೀ ಅಂಗಡಿಯೇ. ಕಾರು ಹೊರಟ ಮೇಲೆ ನನ್ನ ಕಡೆ ತಿರುಗಿ, "ಅತ್ಗೆ, ಇನ್ನೆಲ್ಡು ಸುತ್ತಾದ್ರ ನಿನ್ ಕೆಲ್ಸ ಆಯ್ತದ" ಅಂದ.

"ಅಷ್ಟೊಂದ್ ದಡ್ಡನೇನ್ಲಾ ಅವ್ನು?"

"ಮ್ಯಾಪ್ ನೋಡ್ಕಂಡು ನಮ್ಮೂರ್ಗ ಬಂದವ್ನಲ್ವಾ?"

ಎರಡನೇ ಸಲ ಬಂದಾಗ ಆ ಹೆಂಗಸು ಗಾಜು ಇಳಿಸಿ ನೀರು ಕೇಳಿದಳು. ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಅವಳ ಗಂಡ ಬೇಗೂರಿನ ಹತ್ತಿರ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುತ್ತಿದ್ದನಂತೆ, ಐದು ವರ್ಷ ಇಲ್ಲೇ ಇದ್ದಳಂತೆ.

"ದಿನಾ ಬೆಟ್ಟ ಕಾಣ್ತಿತ್ತು. ನಾಳೆ ಓಗನ, ನಾಳೆ ಓಗನ ಅಂತಿದ್ರು. ಓಗ್ದೇನೇ ಸತ್ತೋದ್ರು. ಅವ್ರ ಎಸ್ರಲ್ಲಿ ಒಂದು ದೀಪ ಅಚ್ಚಬೇಕು ಅಮ್ಮಾ" ಅಂದಳು. ಮಂಡಿ ಆಪರೇಷನ್ ಆಗಿತ್ತು, ಇನ್ನೊಂದು ಸಲ ಇಷ್ಟು ದೂರ ಬರುವ ಶಕ್ತಿ ಇಲ್ಲ ಅಂದಳು.

ಬೆಟ್ಟಕ್ಕೆ ಸ್ವಂತ ಗಾಡಿ ಬಿಡುವುದಿಲ್ಲ. ಕೆಳಗೆ ನಿಲ್ಲಿಸಿ ಸರ್ಕಾರಿ ಬಸ್ಸಿನಲ್ಲಿ ಹತ್ತಬೇಕು, ಅದೂ ನಾಲ್ಕರ ಮೇಲೆ ಸಿಗುವುದಿಲ್ಲ. ನನಗೆ ಇದು ಗೊತ್ತಿತ್ತು. ನೀರು ಕೊಟ್ಟೆ. ಅವಳ ಗಂಡನ ವಿಷಯ ಕೇಳಿ ನನಗೆ ಅಯ್ಯೋ ಅನ್ನಿಸಿತು ಅಂತ ಬರೆದರೆ ಸುಳ್ಳಾಗುತ್ತದೆ. ನನ್ನ ತಲೆಯಲ್ಲಿ ಹುರುಳಿ ಬಿಟ್ಟು ಬೇರೆ ಏನೂ ಇರಲಿಲ್ಲ.

"ಎಡಗಡೇನೇ ಓಗಿ" ಅಂದೆ.

ಮೂರನೇ ಸಲ ಕಾರು ಬಂದಾಗ ಅದರ ಹೊಟ್ಟೆಯ ಕೆಳಗೆಲ್ಲ ಬಳ್ಳಿ ಸುತ್ತಿಕೊಂಡು ನೆಲಕ್ಕೆ ಎಳೆಯುತ್ತಿತ್ತು. ಮಗ ಇಳಿದು ಮಲಯಾಳದಲ್ಲಿ ಕೂಗಾಡಿದ. ತಾಯಿ ಕೋಲು ಊರಿಕೊಂಡು ಇಳಿದಳು, ನನ್ನ ಹತ್ತಿರ ಬರಲಿಲ್ಲ. ಬಗ್ಗಿ ಒಂದು ಹಿಡಿ ಗಿಡ ಎತ್ತಿ ನೋಡಿದಳು.

"ಮೇಲ್ಗಡೆ ಮಾತ್ರ ಉದ್ರಿದೆ, ಅಡಿಗಡೆ ಕಾಯಿ ಅಂಗೇ ಅದೆ. ಒಂದ್ಸಲಾನೂ ತಿರುವಿ ಆಕ್ನಿಲ್ವಾ?"

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದದ್ದಕ್ಕೆ ನಾಚಿಕೆ ಆಗಲಿಲ್ಲ. ಒಕ್ಕಣೆ ಬರುವುದಿಲ್ಲ ಅಂತ ನನಗೆ ಹೇಳಿದಳಲ್ಲ, ಅದಕ್ಕೆ ಮೈಯೆಲ್ಲ ಉರಿಯಿತು. ಅವಳು ಹೇಳಿದ್ದು ನಿಜವೂ ಆಗಿತ್ತು. ನನ್ನ ಸೊಸೆ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.

"ಕೇಳಿದ್ರೆ ನಾನೇ ಇವ್ನಿಗೆ ಓಡ್ಸು ಅಂತಿದ್ನಲ್ಲಮ್ಮಾ" ಅಂದಳು ಆ ಹೆಂಗಸು. ಕವೆಗೋಲು ಇಸಿದುಕೊಂಡು ತಿರುವಲು ಶುರು ಮಾಡಿದಳು. ನಾನು, ಸೊಸೆ, ಮೈದುನ ಎಲ್ಲ ಸೇರಿ ತಿರುವಿದೆವು. ಇಷ್ಟು ಹೊತ್ತು ಕೂಗಾಡಿದ ಮಗ ತಾಯಿ ಒಂದು ಮಾತು ಅಂದದ್ದೇ ತಡ ಕಾರು ಹತ್ತಿ ಮುಂದೆ ಹಿಂದೆ, ಮುಂದೆ ಹಿಂದೆ ಓಡಿಸಿದ. ಟೀ ಕುಡಿಯಲು ಬಂದಿದ್ದವರು "ರೈಟ್, ರೈಟ್, ಓಲ್ಡಾನ್" ಅಂತ ದಾರಿ ತೋರಿಸಿದರು.

ಗಡಿಯಾರ ನೋಡಿದರೆ ಮೂರಕ್ಕೆ ಹತ್ತು ನಿಮಿಷ. ಒಂದು ಹನಿ ನನ್ನ ಕೈಮೇಲೆ ಬಿತ್ತು. ಅರ್ಧ ರಸ್ತೆ ಇನ್ನೂ ಬಾಕಿ. ಅವಳು ಬೆಟ್ಟವನ್ನು ಮರೆತು ಸೊಂಟಕ್ಕೆ ಸೆರಗು ಕಟ್ಟಿ ನಿಂತಿದ್ದಾಳೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಂಜೆಯವರೆಗೂ ಇರುತ್ತಿದ್ದಳು.

"ಸಾಕು, ನಡಿಯವ್ವ. ನಾಕ್ಗಂಟ ಮ್ಯಾಲ ಬಸ್ಸಿಲ್ಲ" ಅಂದೆ.

ಅವಳು ಗಾಬರಿಯಾಗಿ ಕುಂಟುತ್ತಲೇ ಕಾರಿನ ಕಡೆ ಹೊರಟಳು. ದಾರಿ ಹೇಳಿದೆ: ಹಿಡಿಯಲ್ಲಿ ವಾಪಸು, ಗುಂಡ್ಲುಪೇಟೆ, ಹಂಗಳ, ಅಲ್ಲಿಂದ ಬಲಕ್ಕೆ. ಮಗ ಕಾರು ಹೊರಡಿಸಲೇ ಇಲ್ಲ. ತಾಯಿಗೆ ಏನೋ ಹೇಳಿದ. ಅವಳು ನಕ್ಕು ನನಗೆ ತಿಳಿಸಿದಳು: "ನಿನ್ನ ಮಾತು ನಂಬಲ್ವಂತೆ. ನೀನೂ ಕೂತ್ಕೊಂಡ್ರೆ ಬತ್ತಾನಂತೆ."

ಅವನ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ಹುರುಳಿಯ ಹೊಟ್ಟು ಮೆತ್ತಿದ ಸೀರೆಯಲ್ಲೇ ಕಾರು ಹತ್ತಿದೆ. "ಅತ್ಯಮ್ಮ, ಉಳ್ಳಿ?" ಅಂತ ಸೊಸೆ ಕಿರುಚಿದಳು. "ಬಾಚ್ಕಮ್ಮಿ!" ಅಂದೆ. ಇನ್ನೇನು ಹೇಳಲಿ?

ಗುಂಡ್ಲುಪೇಟೆ ದಾಟುವಾಗಲೇ ಮಳೆ ಹಿಡಿಯಿತು. ಗಾಜಿನ ಮೇಲೆ ಆ ಕಡ್ಡಿ ಒರೆಸಿದಾಗೆಲ್ಲ ನನ್ನ ಹುರುಳಿ ಕೊಚ್ಚಿಕೊಂಡು ಹೋಗುವುದು ಕಾಣುತ್ತಿತ್ತು. ಪ್ರತಿ ತಿರುವಿನಲ್ಲೂ ಮಗ ಕನ್ನಡಿಯಲ್ಲಿ ನನ್ನ ಮುಖ ನೋಡಿ ಆಮೇಲೆ ತಿರುಗಿಸುತ್ತಿದ್ದ. ಬೆಟ್ಟದ ಬುಡ ಮುಟ್ಟಿದಾಗ ಕೊನೆಯ ಬಸ್ಸು ಬಾಗಿಲು ಹಾಕಿಕೊಂಡು ಗುರುಗುಟ್ಟುತ್ತಿತ್ತು. ನಾನು ಇಳಿದು ಬಸ್ಸಿನ ಮುಂದೆ ಹೋಗಿ ನಿಂತೆ. ಡ್ರೈವರು ಬೈದ. ಬೈಯುವಷ್ಟರಲ್ಲಿ ತಾಯಿ ಮಗ ಇಬ್ಬರೂ ಹತ್ತಿದರು.

ನಾನು ಹತ್ತಲಿಲ್ಲ. ಬೆಟ್ಟದಿಂದ ಇಳಿದು ಬಂದ ಅರಣ್ಯ ಇಲಾಖೆಯ ಜೀಪಿನವರನ್ನು ಕೇಳಿ ಹಂಗಳಕ್ಕೆ ಬಂದು, ಅಲ್ಲಿಂದ ಎರಡು ಬಸ್ಸು ಬದಲಿಸಿ, ದೊಡ್ಡ ರಸ್ತೆಯಲ್ಲಿ ಇಳಿದು ನಡೆದು ಮನೆ ಸೇರುವಾಗ ಕತ್ತಲಾಗಿತ್ತು. ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಊರಿನವರೆಲ್ಲ ಸೇರಿ ಬಾಚಿ ತಂದು ನಮ್ಮ ಮನೆಯಲ್ಲೂ ಅಕ್ಕಪಕ್ಕದ ಎರಡು ಮನೆಯಲ್ಲೂ ಸುರಿದಿದ್ದರು. ಅರ್ಧ ಉಳಿಯಿತು. ಇನ್ನರ್ಧ ನೆನೆದು ಮೂರನೇ ದಿನಕ್ಕೆ ಮೊಳಕೆ ಬಿಟ್ಟಿತು. ಎಸೆಯಲು ಮನಸ್ಸು ಬರಲಿಲ್ಲ, ಮನೆಮನೆಗೆ ಮೊರದಲ್ಲಿ ಹಂಚಿದೆ. ಇಡೀ ಊರು ಒಂದು ವಾರ ಮೊಳಕೆ ಹುರುಳಿಯ ಸಾರೇ ಉಂಡಿತು. ಬೆಟ್ಟದ ಮೇಲೆ ಅವಳು ದೀಪ ಹಚ್ಚಿದಳೋ, ಆ ಗಾಳಿಯಲ್ಲಿ ಅದು ಉರಿಯಿತೋ ಇಲ್ಲವೋ, ತಿಳಿಯಲು ನನಗೆ ದಾರಿಯಿಲ್ಲ. ಸಾರು ಶುರುವಾದ ನಾಲ್ಕನೇ ದಿನ ಮೈದುನ ಮಾತ್ರ ತಟ್ಟೆ ಹಿಡಿದುಕೊಂಡು ಬಂದು, "ಅತ್ಗೆ, ಆ ಯಮ್ಮನ್ನ ಇನ್ನೊಂದ್ ಗಂಟ ಇಟ್ಕಂಡಿದ್ರ ಈ ಸಾರು ತಪ್ತಿತ್ತು" ಅಂದ. ಅವನ ತಟ್ಟೆಗೆ ಇನ್ನೊಂದು ಸೌಟು ಸುರಿದು ಬಾಯಿ ಮುಚ್ಚಿಸಿದೆ.