ನಡುವೆ ನಿಲ್ಲುವ ಹಾಡು

ಒಂದು ಪದವೂ ಅರ್ಥವಾಗದ ಪರದೇಶದ ಡಿಸ್ಕೊ ಹಾಡಿಗೆ ನಮ್ಮ ಇಳಕಲ್ಲಿನ ಮದುವೆಗಳು ಇಂದಿಗೂ ಏಕೆ ಕುಣಿಯುತ್ತವೆ ಎಂದು ಕೇಳಿದರೆ ನೀವೇನು ಹೇಳುತ್ತೀರಿ? ತಾಳ ಚುರುಕಾಗಿದೆ ಎನ್ನುವಿರಿ. ಅದು ಅರ್ಧ ಉತ್ತರ. ಉಳಿದರ್ಧ ತಿಳಿಯಬೇಕಾದರೆ ನಮ್ಮ ಓಣಿಯ ಬ್ಯಾಂಡ್ ಮಾಸ್ತರರನ್ನು ಅರಿಯಬೇಕು.

ಕ್ಲಾರಿನೆಟ್ ಒತ್ತಿ ಒತ್ತಿ ಅವರ ಕೆಳತುಟಿಯ ನಡುವೆ ಬಟಾಣಿಯಷ್ಟು ಗಂಟು ಕಟ್ಟಿತ್ತು. ಮಾತನಾಡುವಾಗಲೂ ಬೆರಳುಗಳು ಗಾಳಿಯಲ್ಲಿ ರಂಧ್ರಗಳನ್ನು ಹುಡುಕುತ್ತಿದ್ದವು. ಮಸೀದಿಯಿಂದ ಬಂದು ಕುಳಿತ ಗಳಿಗೆಯಲ್ಲೇ ಕಾಲು ತಾಳ ಹಾಕತೊಡಗುತ್ತಿತ್ತು. ಸುಮ್ಮನಿರುವುದು ಅವರಿಗೆ ಒಗ್ಗದ ವಿದ್ಯೆ.

ಎಂಬತ್ತರ ದಶಕದ ಆರಂಭದಲ್ಲಿ, ಮುಂಬಯಿಗೆ ಕಲ್ಲು ಸಾಗಿಸುತ್ತಿದ್ದ ಲಾರಿ ಚಾಲಕನೊಬ್ಬ ನಮ್ಮ ಓಣಿಯ ಚಹಾದಂಗಡಿಯಲ್ಲಿ ಆ ಕ್ಯಾಸೆಟ್ಟನ್ನು ಹಾಕಿಸಿದ. ಓಣಿ ಬೆರಗಾಯಿತು. ಸಂಜೆಗೆ ಲಾರಿಯೂ ಕ್ಯಾಸೆಟ್ಟೂ ಹೊರಟುಹೋದವು. ಮಾಸ್ತರರು ನೆನಪಿನಿಂದಲೇ ಹಾಡನ್ನು ಕೂಡಿಸಲು ಹೊರಟರು; ಕೊನೆಯ ಭಾಗ ಮಾತ್ರ ಕೈಗೆ ಸಿಗಲಿಲ್ಲ. ಅವರ ತಾಲೀಮಿನ ಕೋಣೆ ನಮ್ಮ ಹಿತ್ತಲಿಗೆ ಅಂಟಿಕೊಂಡಿತ್ತು. ಹಿತ್ತಲಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದ ನನ್ನ ಅಕ್ಕ ಗೋಡೆಯಾಚೆಗೆ ಹೇಳಿದಳು: “ಮಾಸ್ತರ, ಅಲ್ಲಿ ಇಳೀಬಾರದ್ರಿ, ಏರಬೇಕು.” ಹೇಳಿ ಗುನುಗಿದಳು. “ಇನ್ನೊಮ್ಮೆ ಅನ್ನು, ತಂಗಿ,” ಎಂದರು ಅವರು.

ಅಕ್ಕನಿಗೆ ಮದುವೆಯಾಗಿ ಎರಡನೆಯ ವರ್ಷವೇ ಗಂಡ ತೀರಿಕೊಂಡಿದ್ದ. ಮದುವೆಯ ಮೆರವಣಿಗೆ ಓಣಿಗೆ ಬಂತೆಂದರೆ ಆಕೆ ಎದುರಾಗಬಾರದು. ಅವ್ವ ಆಕೆಯನ್ನು ಒಳಗೆ ಕಳಿಸಿ ಕದ ಮುಚ್ಚುತ್ತಿದ್ದಳು. ನಾನಾಗ ಬಾಗಲಕೋಟೆಯ ಕಾಲೇಜಿನ ಚರ್ಚಾಪಟು. ಬಸವಣ್ಣನವರನ್ನು ಒಪ್ಪಿದ ಮನೆಯಲ್ಲಿ ಈ ಅಪಶಕುನವೇಕೆಂದು ಅವ್ವನೊಡನೆ ಬಿಡದೆ ವಾದಿಸುತ್ತಿದ್ದೆ. ಒಮ್ಮೆ ಅವ್ವ, “ನೀ ಗೆದ್ದಿ, ಖರೆ. ಮಂದಿ ಒಪ್ಪತಾರೇನು?” ಎಂದಳು.

ಆ ಬೇಸಗೆಯ ಒಂದು ಸಂಜೆ ಮದುಮಗನ ಮೆರವಣಿಗೆ ಅದೇ ಹಾಡಿನೊಡನೆ ನಮ್ಮ ಓಣಿ ಹೊಕ್ಕಿತು. ಅಕ್ಕ ಒಳಗೆ ಹೋದಳು. ಹಾಡು ಏರುತ್ತ ಏರುತ್ತ, ಹುಡುಗರೆಲ್ಲ ಜಿಗಿಯಬೇಕಾದ ಜಾಗದಲ್ಲಿ, ಸರಿಯಾಗಿ ನಮ್ಮ ಬಾಗಿಲೆದುರು ಮಾಸ್ತರರು ಕ್ಲಾರಿನೆಟ್ ಕೆಳಗಿಳಿಸಿದರು. ಡ್ರಮ್ಮೂ ನಿಂತಿತು.

“ಯಾಕ ಮಾಸ್ತರ, ದಮ್ಮು ಹತ್ತಿತೇನು?” ಎಂದ ಮದುಮಗನ ಸೋದರಮಾವ.

“ಇಲ್ರಿ ಸಾಹುಕಾರ. ಈ ಹಾಡು ಕೂಡಿಸಿಕೊಟ್ಟಾಕಿ ಒಳಗ ಅದಾಳ. ಆಕಿ ಬರೂತನಕ ಮುಂದಿಂದು ನನಗ ಬರೂದಿಲ್ಲ.”

ಒಳಗಿರುವವಳು ಯಾರೆಂದು ಓಣಿಗೆಲ್ಲ ಗೊತ್ತಿತ್ತು. ಸೋದರಮಾವ ಸಿಡಿದ, ಬೇರೆ ಬ್ಯಾಂಡ್ ತರಿಸುತ್ತೇನೆಂದ. “ತರಸ್ರಿ,” ಎಂದ ಮಾಸ್ತರರು ಕದಲಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಕುಣಿಯುತ್ತಿದ್ದವರ ಕಾಲುಗಳು ತಾಳ್ಮೆಗೆಟ್ಟವು. ಅರ್ಧಕ್ಕೆ ನಿಂತ ಹಾಡನ್ನು ಮೈಯಲ್ಲಿ ಹೊತ್ತು ನಿಲ್ಲುವುದು ಅವರಿಂದಾಗಲಿಲ್ಲ. ಒಬ್ಬ ಕೂಗಿದ: “ಅಕ್ಕಾರ, ಲಗೂನ ಬರ್ರಿ, ಕಾಲು ಹಿಡಕೊಂಡಾವ.” ನಗು ಎದ್ದಿತು, ನಗುವಿನ ಹಿಂದೆಯೇ ಎಲ್ಲರೂ ಕರೆಯತೊಡಗಿದರು. ಮದುಮಗನೂ ಬಾಗಿಲ ಕಡೆ ಕೈ ಜೋಡಿಸಿದ. ಕದ ತೆರೆದದ್ದು ಅವ್ವ. ಕೈಯಲ್ಲಿ ನೂಲಿನ ಎಳೆ ಹಿಡಿದುಕೊಂಡೇ ಅಕ್ಕ ಹೊಸ್ತಿಲಿಗೆ ಬಂದಳು. ಹಾಡು ಮುಂದುವರಿಯಿತು.

ಆ ವರ್ಷ ಕೆಲವು ಮನೆತನಗಳು ಮಾಸ್ತರರನ್ನು ಕರೆಯಲಿಲ್ಲ. ಆದರೆ ಹುಡುಗರಿಗೆ ಆ ಹಾಡೇ ಬೇಕಿತ್ತು, ಆ ನಿಲುಗಡೆ ಸಹಿತ. ಹುನಗುಂದ, ಬಾದಾಮಿಯ ಬ್ಯಾಂಡಿನವರೂ ಅಲ್ಲಿಯೇ ನಿಲ್ಲಿಸತೊಡಗಿದರು. ಮುಂದೆ ಅಮೀನಗಡದ ಹೋಟೆಲೊಂದರಲ್ಲಿ ಮೂಲ ಕ್ಯಾಸೆಟ್ ಕೇಳಿದ ಹಿರಿಯರೊಬ್ಬರು ಮುಖ ಸಿಂಡರಿಸಿ, “ಇವರು ನಮ್ಮ ಮಾಸ್ತರರ ಹಾಡು ಕದ್ದಾರ, ನಿಂದ್ರೂದ ಮರತಾರ,” ಎಂದದ್ದನ್ನು ನಾನೇ ಕೇಳಿದ್ದೇನೆ.

ಮಾಸ್ತರರು ತೀರಿಕೊಂಡಾಗ ಓಣಿಯ ಗಂಡಸರೆಲ್ಲ ಹೆಗಲು ಕೊಟ್ಟೆವು. ಅಕ್ಕ ಬೀದಿಯ ಕೊನೆಯವರೆಗೂ ನಡೆದು ಬಂದಳು. ಈಗ ಅದೇ ಹಾಡನ್ನು ಲಾರಿಯ ಮೇಲಿನ ಸ್ಪೀಕರ್ ಪೆಟ್ಟಿಗೆಗಳು ಅರಚುತ್ತವೆ. ಅವು ಯಾರಿಗಾಗಿಯೂ ನಿಲ್ಲುವುದಿಲ್ಲ. ಮುಚ್ಚಿದ ಕದಗಳು ಇನ್ನೂ ಇವೆ. ಅದಕ್ಕೇ ನನಗೆ ನೆಮ್ಮದಿಯಿಲ್ಲ.

ಓದುಗರೇ, ಮುಂದಿನ ಮೆರವಣಿಗೆ ನಿಮ್ಮ ಓಣಿಗೆ ಬಂದಾಗ, ಒಳಗುಳಿದ ಹೆಣ್ಣುಮಗಳನ್ನು ಹೆಸರು ಹಿಡಿದು ಹೊರಗೆ ಕರೆಯಿರಿ. ಆಕೆ ಬರುವವರೆಗೆ ಹಾಡನ್ನು ನಿಲ್ಲಿಸಿ.