ಒಂದು ಮಣೆ ಎತ್ತರ

ನನ್ನ ಅಪ್ಪ ಭಟ್ಕಳ–ಕುಮಟಾ ಬಸ್ಸಿನ ಕಂಡಕ್ಟರ್ ಆಗಿದ್ದವನು. ರಜೆ ಸಿಕ್ಕಿದಾಗಲೆಲ್ಲ ಹವ್ಯಾಸಿ ತಂಡಗಳಲ್ಲಿ ಯಕ್ಷಗಾನದ ವೇಷ ಕಟ್ಟುತ್ತಿದ್ದ. ಅವನಿಗೆ ಹೆಸರು ಬಂದದ್ದು ಮಂಡಿ ಕುಣಿತದಿಂದ. ಎರಡೂ ಮೊಣಕಾಲು ನೆಲಕ್ಕೂರಿ ಬುಗುರಿಯಂತೆ ತಿರುಗುವುದು. ಮರಳಾದರೂ ಸರಿ, ಸಿಮೆಂಟಾದರೂ ಸರಿ. ಜನ ಚಪ್ಪಾಳೆ ಹೊಡೆದರೆ ಇನ್ನೆರಡು ಸುತ್ತು ಹೆಚ್ಚು. ಆ ಹೆಚ್ಚಿನ ಸುತ್ತುಗಳೆಲ್ಲ ಅರವತ್ತೈದು ದಾಟಿದ ಮೇಲೆ ಒಟ್ಟಿಗೇ ಬಂದು ಮೊಣಕಾಲಲ್ಲಿ ಕೂತವು.

ಹೊನ್ನಾವರದ ನಮ್ಮ ಮನೆಯಲ್ಲಿ ಅವನು ಕುರ್ಚಿಯಿಂದ ಏಳಬೇಕಾದರೆ ಮೇಜೂ ಬೇಕು, ಮೂರು ಸಲ ‘ಹರಹರಾ’ ಎನ್ನಲೂ ಬೇಕು. ನೆಲಕ್ಕೆ ಕೂತರೆ ನಾನೂ ನನ್ನ ಗಂಡನೂ ರಟ್ಟೆ ಹಿಡಿದು ಎತ್ತಬೇಕು. ಯೋಗಕ್ಕೆ ಹೋಗೆಂದು ಎರಡು ವರ್ಷ ಹೇಳಿದೆ, ಕೇಳಲಿಲ್ಲ.

ಹನ್ನೊಂದು ವರ್ಷದ ನನ್ನ ಮಗಳಿಗೆ ಶಾಲೆಯ ವಾರ್ಷಿಕೋತ್ಸವದ ಯಕ್ಷಗಾನದಲ್ಲಿ ಬಾಲಗೋಪಾಲನ ವೇಷ ಸಿಕ್ಕಿತು. ಹೆಜ್ಜೆ ಕಲಿಸಿದವನು ಅಪ್ಪನೇ, ಕುರ್ಚಿಯಲ್ಲಿ ಕೂತು, ಕೈಯಲ್ಲೇ ಕುಣಿದು ತೋರಿಸಿ. ಮೊದಲ ವೇಷಕ್ಕೆ ಕಲಿಸಿದವರೇ ಗೆಜ್ಜೆ ಕಟ್ಟುವುದು ಅವನ ತಂಡದ ಪದ್ಧತಿ. ಕುಣಿಯುವವರು ನಿಂತಿರಬೇಕು, ಕಟ್ಟುವವರು ಕಾಲ ಬುಡದಲ್ಲಿ ಕೂರಬೇಕು.

“ಅಜ್ಜಾ, ನಾ ಸ್ಟೂಲಿನ ಮೇಲೆ ಕಾಲಿಡ್ತೆ. ನೀ ಕುರ್ಚಿಲೇ ಕೂತ್ಕಂಡು ಕಟ್ಟು,” ಎಂದಳು ಮಗಳು.

“ಎಂತ, ನಾ ಚಪ್ಪಲಿ ಅಂಗಡಿಯವನಾ ತಂಗಿ?” ಎಂದ ಅಪ್ಪ. ನಗಲಿಲ್ಲ. ಸಂಜೆ ನನ್ನ ಹತ್ತಿರ ಬಂದು, “ಆ ಯೋಗದ ಅಕ್ಕೋರು ನನ್ನಂಥವ್ರನ್ನ ಸೇರಿಸ್ಕಳ್ತ್ರಾ?” ಎಂದು ಕೇಳಿದ.

ಅಕ್ಕೋರು ನಮ್ಮ ಬೀದಿಯವರೇ, ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಡಾಕ್ಟರರ ಚೀಟಿ ಓದಿ, ಮಂಡಿಯೂರುವ ಆಸನ ಒಂದೂ ಬೇಡ ಎಂದರು. ಮಂಚದ ಮೇಲೆ ಕಾಲು ಚಾಚಿ, ಮೊಣಕಾಲಡಿ ಸುತ್ತಿದ ಟವೆಲ್ ಇಟ್ಟು, ಅದನ್ನು ಒತ್ತುತ್ತ ತೊಡೆ ಬಿಗಿಹಿಡಿಯುವುದು. ಗೋಡೆಗೆ ಬೆನ್ನು ಕೊಟ್ಟು ತುಸುವೇ ಕುಸಿದು ನಿಲ್ಲುವುದು. ಇಷ್ಟೇ. ತೊಡೆ ಗಟ್ಟಿಯಾದರೆ ಅದೇ ಮೊಣಕಾಲನ್ನು ಕಾಯುತ್ತದಂತೆ.

ಆದರೆ ಉಸಿರಿಗೆ ಸರಿಯಾಗಿ ಎಣಿಸಿ ಎಂದರೆ ಅಪ್ಪನ ಬಾಯಲ್ಲಿ ಬರುತ್ತಿದ್ದದ್ದು ತಾಳ. ನಾಲ್ಕು ಸಲ ಆಗುವಷ್ಟರಲ್ಲಿ ಅದರ ವೇಗ ಏರುತ್ತಿತ್ತು, ಕಾಲು ಅದರ ಹಿಂದೆ ಓಡುತ್ತಿತ್ತು. ಮೂರನೇ ದಿನ ಮೊಣಕಾಲು ಊದಿತು.

“ಎಂತಕೆ ಇಷ್ಟು ಅವಸರ? ಇಲ್ಲಿ ಚಪ್ಪಾಳೆ ಹೊಡಿಯೂಕೆ ಯಾರಿದ್ರು?” ಎಂದರು ಅಕ್ಕೋರು.

“ತಾಳ ಬಿಟ್ರೆ ನಂಗೆ ಎಣಿಸೂಕೇ ಬರೂದಿಲ್ಲ, ಅಕ್ಕೋರೆ.”

“ಬಿಡೂದೆಂತಕೆ? ರಾಜ ಒಡ್ಡೋಲಗಕ್ಕೆ ಬರೂ ಹಂಗೆ ನಿಧಾನ ಹಾಕಿ.”

ಊತ ಇಳಿದ ಮೇಲೆ ನಮ್ಮ ಮನೆಯ ಬೆಳಗು ಆ ನಿಧಾನದ ತಾಳದಿಂದ ಶುರುವಾಯಿತು. ನನ್ನ ದೋಸೆಯೂ ಅದೇ ಎಣಿಕೆಗೆ ಬೇಯುತ್ತಿತ್ತು. ಒಂದು ದಿನ ಅಪ್ಪ ಮೇಜು ಮುಟ್ಟದೆ ಎದ್ದು ನಿಂತವನು, ಖಾಲಿ ಕೈಗಳನ್ನು ಏನೋ ಮರೆತವನಂತೆ ನೋಡಿಕೊಂಡ. ಮುಂದೆ ಅಕ್ಕೋರು ಕೂರುವ ಎತ್ತರವನ್ನೇ ಇಳಿಸುತ್ತ ಬಂದರು. ಕುರ್ಚಿಯಿಂದ ಸ್ಟೂಲು, ಸ್ಟೂಲಿನಿಂದ ಒಂದರ ಮೇಲೊಂದಿಟ್ಟ ನಾಲ್ಕು ಮಣೆ, ಮೂರು, ಎರಡು.

ವಾರ್ಷಿಕೋತ್ಸವದ ವಾರಕ್ಕೆ ಇನ್ನೂ ಒಂದು ಮಣೆ ಉಳಿದಿತ್ತು. ಅದನ್ನೂ ತೆಗೆದರೆ ಏಳಲಾಗುತ್ತಿರಲಿಲ್ಲ. ಅಪ್ಪ ಎರಡು ದಿನ ಆ ಮಣೆಯನ್ನು ಗೋಡೆಗೆ ತಿರುಗಿಸಿಟ್ಟ. ಶನಿವಾರ ಹೊರಡುವಾಗ ನೋಡಿದರೆ ಗೆಜ್ಜೆಯ ಚೀಲದಲ್ಲಿ ಮಣೆಯೂ ಇತ್ತು.

“ಮಣೆ ಮೇಲೆ ಕೂತ್ರೆ ಗೆಜ್ಜೆ ಬೇಡ ಹೇಳ್ತದಾ?” ಎಂದ, ನನ್ನ ಮುಖ ನೋಡದೆ.

ಶಾಲೆಯಲ್ಲಿ ವೇಷ ಕಟ್ಟುತ್ತಿದ್ದ ಕೋಣೆಯಲ್ಲಿ ಅಪ್ಪ ಬೆಂಚು ಹಿಡಿದು ಮಣೆಗೆ ಇಳಿದ. ಮಗಳು ಅವನ ಬೋಳು ತಲೆಯ ಮೇಲೆ ಕೈಯೂರಿ ನಿಂತಳು. ಎರಡೂ ಕಾಲಿಗೆ ಕಟ್ಟಿ, ಗಂಟು ಎಳೆದು ನೋಡಿ, “ಆತು. ನಡಿ,” ಎಂದ. ಹೊರಗೆ ಚಂಡೆ ಕೇಳುತ್ತಿತ್ತು. ಅವಳು ಕದಲಲಿಲ್ಲ.

“ನೀ ಏಳೂದು ನೋಡ್ಕಂಡೇ ಹೋಗ್ತೆ.”

ನಾನು ಕೈ ಚಾಚಿದೆ. ಅಪ್ಪ ಬೇಡವೆಂದು ತಲೆಯಾಡಿಸಿದ. ಎರಡೂ ಪಾದ ಹತ್ತಿರ ಎಳೆದುಕೊಂಡು, ಬೆಂಚಿನ ಅಂಚಿಗೆ ಒಂದು ಕೈ ಕೊಟ್ಟ. ತುಟಿ ಆಡತೊಡಗಿತು, ದಿನಾ ಬೆಳಗಿನ ಅದೇ ನಿಧಾನದ ತಾಳ. ಮಗಳು ಅದಕ್ಕೆ ಸರಿಯಾಗಿ ಕಾಲು ತಟ್ಟಿದಳು. ಒಂದು, ಎರಡು, ಮೂರು ಎಂದು ಗೆಜ್ಜೆ ನುಡಿಯಿತು.

ನಾಲ್ಕಕ್ಕೆ ಅಪ್ಪ ಎದ್ದು ನಿಂತಿದ್ದ.